ಗೆಲಿಲಿಯೊನ ಸಂವಾದಗ್ರಂಥವೂ ಬಾಲಬೋಧೆಯೂ

ಚಲನೆ ಮತ್ತು ಬಲಗಳ ಮೊದಲ ಪಾಠವನ್ನು ಮಕ್ಕಳಿಗೆ ಹೇಳುವವರು ಸಾಮಾನ್ಯವಾಗಿ ನ್ಯೂಟನ್ನನ ನಿಯಮಗಳಿಂದಲೇ ಆರಂಭಿಸುವರು. ಬಾಲಕನು ಅವನ್ನು ಕಂಠಪಾಠಮಾಡಿ ಒಪ್ಪಿಸುವನು. ಆದರೆ ಭಾರವಾದ ಕಲ್ಲು ಹಗುರವಾದುದಕ್ಕಿಂತ ಬೇಗನೆ ಬೀಳುವುದೆಂಬ ಅವನ ನಂಬಿಕೆಯು ಕದಲದೆ ಉಳಿಯುವುದು. ಈ ದೋಷಕ್ಕೆ ಪರಿಹಾರವನ್ನು ಅರಸುವವರು 1638ರಲ್ಲಿ ಲೈಡನ್ ನಗರದಲ್ಲಿ ಅಚ್ಚಾದ ಗೆಲಿಲಿಯೊನ 'ಎರಡು ನೂತನ ಶಾಸ್ತ್ರಗಳು' ಎಂಬ ಸಂವಾದಗ್ರಂಥವನ್ನು ನೋಡತಕ್ಕದ್ದು.

ಅದರಲ್ಲಿ ಮಾತನಾಡುವವರು ಮೂವರು. ಸಾಲ್ವಿಯಾತಿಯು ನೂತನ ಮತದ ಪ್ರತಿಪಾದಕನು. ಸಾಗ್ರೆದೊ ಬುದ್ಧಿಶಾಲಿಯಾದ ಜಿಜ್ಞಾಸು. ಸಿಂಪ್ಲಿಚಿಯೊ ಅರಿಸ್ಟಾಟಲನ ಅನುಯಾಯಿ. ಮಕ್ಕಳ ಸಹಜಾಭಿಪ್ರಾಯವೇ ಈ ಮೂರನೆಯವನ ಬಾಯಲ್ಲಿ ಪೂರ್ವಪಕ್ಷವಾಗಿ ನಿಂತಿದೆ. ಸಾಲ್ವಿಯಾತಿಯು ಆ ಮತವನ್ನೇ ಹಿಡಿದು ಪ್ರಶ್ನಿಸುವನು: ದೊಡ್ಡ ಕಲ್ಲು ಬೇಗನೆಯೂ ಚಿಕ್ಕದು ನಿಧಾನವಾಗಿಯೂ ಬೀಳುವುದಾದರೆ, ಎರಡನ್ನೂ ಜೊತೆಗೆ ಕಟ್ಟಿದಾಗ ಏನಾಗಬೇಕು? ಚಿಕ್ಕದು ದೊಡ್ಡದನ್ನು ತಡೆಯುವುದರಿಂದ ವೇಗವು ಕುಗ್ಗಬೇಕು. ಒಟ್ಟು ಭಾರವು ಏರಿದುದರಿಂದ ವೇಗವು ಹೆಚ್ಚಲೂ ಬೇಕು! ತನ್ನ ಮಾತಿನಲ್ಲಿಯೇ ವಿರೋಧವನ್ನು ಕಂಡ ಬಾಲಕನು ಸತ್ಯವೇನೆಂದು ತಾನಾಗಿಯೇ ಕೇಳುವನು.

ಮೂರನೆಯ ದಿನದ ಸಂವಾದದಲ್ಲಿ ಪ್ರಯೋಗವು ಬರುವುದು. ಸುಮಾರು 12 ಮೊಳದ ಮರದ ತೊಲೆಯಲ್ಲಿ ನುಣುಪಾದ ಹಳ್ಳವನ್ನು ಕೊರೆದು, ತೊಲೆಯನ್ನು ಓರೆಯಾಗಿಟ್ಟು, ಕಂಚಿನ ಗುಂಡನ್ನು ಉರುಳಿಸಿ, ಪಾತ್ರೆಯಿಂದ ಸುರಿದ ನೀರನ್ನು ತೂಗಿ ಕಾಲವನ್ನು ಅಳೆದಿದೆ. ಕಾಲವು ಇಮ್ಮಡಿಯಾದರೆ ದೂರವು ನಾಲ್ಮಡಿಯಾಗುವುದು. ಹಲಗೆ, ಗೋಲಿ, ತೂತುಳ್ಳ ಚೊಂಬುಗಳಿದ್ದರೆ ಯಾವ ಮನೆಯಲ್ಲಿಯೂ ಇದನ್ನು ಮಾಡಿನೋಡಬಹುದು. ವೇಗವು ಹೆಚ್ಚುವ ಕಾರಣವನ್ನು ಗ್ರಂಥವು ಅಲ್ಲಿ ಬುದ್ಧಿಪೂರ್ವಕವಾಗಿ ಬದಿಗಿಟ್ಟಿದೆ. ಚಲನೆಯನ್ನು ಹೀಗೆ ಅಳೆದ ಮೇಲೆಯೇ, 1687ರಲ್ಲಿ, ಬಲದ ನಿಯಮಗಳು ನ್ಯೂಟನ್ನನಿಂದ ವ್ಯವಸ್ಥಿತರೂಪದಲ್ಲಿ ಪ್ರಕಟವಾದವು. ಪಾಠಕ್ಕೂ ಈ ಕ್ರಮವೇ ಯೋಗ್ಯವಾದುದು.

ಗ್ರಂಥದಲ್ಲಿ ಕೊರತೆಯೂ ಉಂಟು. ರೇಖಾಗಣಿತದ ಪ್ರಮೇಯಗಳು ಎಳೆಯರಿಗೆ ನಿಲುಕವು. ಸಿಂಪ್ಲಿಚಿಯೊ ಸೋಲನ್ನು ತುಸು ಬೇಗನೆ ಒಪ್ಪುವನು. ಮಕ್ಕಳು ಅಷ್ಟು ಸುಲಭವಾಗಿ ಒಪ್ಪುವವರಲ್ಲ. ತೇಲುತ್ತ ಬೀಳುವ ಎಲೆಯನ್ನು ತೋರಿಸಿ ಆಕ್ಷೇಪಿಸುವರು. ಆಗ ಪುಸ್ತಕಕ್ಕಿಂತ ಚಿಕ್ಕದಾದ ಕಾಗದವನ್ನು ಅದರ ಮೇಲಿಟ್ಟು ಕೈಬಿಟ್ಟರೆ ಎರಡೂ ಒಡನೆ ಬೀಳುವುವು. ಎಲೆಯನ್ನು ತಡೆದದ್ದು ಗಾಳಿಯೆಂಬುದು ಸ್ಪಷ್ಟವಾಗುವುದು. ಗಾಳಿಯಿಲ್ಲದ ಚಂದ್ರನ ಮೇಲೆ ಡೇವಿಡ್ ಸ್ಕಾಟನು 1971ರಲ್ಲಿ ಕೈಬಿಟ್ಟ ಸುತ್ತಿಗೆಯೂ ಗರಿಯೂ ಏಕಕಾಲದಲ್ಲಿ ನೆಲವನ್ನು ಮುಟ್ಟಿದುವು.

ಬಾಲಕನ ಆಕ್ಷೇಪವನ್ನು ಅವಿಧೇಯತೆಯೆಂದು ಅಡಗಿಸುವ ಉಪಾಧ್ಯಾಯರೂ ತಂದೆತಾಯಿಗಳೂ ಪಾಠದ ಅರ್ಧಭಾಗವನ್ನೇ ಕಳೆದುಕೊಳ್ಳುವರು. ಸಿಂಪ್ಲಿಚಿಯೊನಿಗೆ ಗೆಲಿಲಿಯೊ ಕೊಟ್ಟ ಪೀಠವು ಪ್ರತಿಯೊಂದು ತರಗತಿಯಲ್ಲಿಯೂ ಇರತಕ್ಕದ್ದು.