ಬೊಂಬೆಗಳ ಪುನರಾಗಮನ

ಬಾಲ್ಯದಲ್ಲಿ ಪ್ರೀತಿಸಿದ ವಸ್ತುವನ್ನು ಪ್ರೌಢವಯಸ್ಸಿನಲ್ಲಿ ಮರಳಿ ಕಾಣುವುದು ಸುಖಕರವೆಂದು ಎಲ್ಲರೂ ಹೇಳುವರು. ಅದರಲ್ಲಿ ಅಪಾಯವೂ ಉಂಟೆಂದು ಹೇಳುವವರು ವಿರಳ. ನೆನಪು ತಾನು ಕಾಪಾಡಿದ ವಸ್ತುವಿಗೆ ವರ್ಷವರ್ಷವೂ ಹೊಸ ಬಣ್ಣವನ್ನು ಬಳಿಯುತ್ತಿರುತ್ತದೆ. ವಸ್ತುವಾದರೋ ಹಳೆಯದಾಗುತ್ತಲೇ ಇರುತ್ತದೆ. ಇವೆರಡೂ ಒಂದು ದಿನ ಎದುರುಬದುರಾದರೆ ಏನು ಗತಿ? 2011ನೆಯ ಇಸವಿಯ ನವೆಂಬರಿನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ‘ದಿ ಮಪೆಟ್ಸ್’ ಎಂಬ ಚಲಚ್ಚಿತ್ರವು ಈ ಪ್ರಶ್ನೆಯನ್ನೇ ಅಲ್ಲಿಯ ಮನೆಮನೆಯ ಮುಂದೆ ಇಟ್ಟಿತು.

ಈ ಬೊಂಬೆಗಳ ಕರ್ತೃವು ಜಿಮ್ ಹೆನ್ಸನ್ (1936–1990). 1955ರಲ್ಲಿ ವಾಷಿಂಗ್ಟನ್ನಿನ ದೂರದರ್ಶನಕ್ಕಾಗಿ ಆತನು ತನ್ನ ತಾಯಿಯ ಹಳೆಯ ಕೋಟಿನ ಬಟ್ಟೆಯಿಂದ ಒಂದು ಬೊಂಬೆಯನ್ನು ಹೊಲಿದು, ಪಿಂಗ್‌ಪಾಂಗ್ ಚೆಂಡಿನ ಎರಡು ಹೋಳುಗಳನ್ನು ಕಣ್ಣುಗಳಾಗಿ ಅಂಟಿಸಿದನು. ಮುಂದೆ ಲೋಕಪ್ರಸಿದ್ಧವಾದ ಕರ್ಮಿಟ್ ಎಂಬ ಕಪ್ಪೆಯು ಅದೇ. ಸೂತ್ರದ ಬೊಂಬೆಯನ್ನು ಬಲ್ಲ ನಮ್ಮ ವಾಚಕರು ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಇಲ್ಲಿ ಮೇಲಿನಿಂದ ಎಳೆಯುವ ದಾರವಿಲ್ಲ. ಆಡಿಸುವವನ ಕೈಯೇ ಬೊಂಬೆಯ ತಲೆಯೊಳಗೆ ಹೊಕ್ಕು ಬಾಯನ್ನು ತೆರೆದು ಮುಚ್ಚುತ್ತದೆ; ಬೊಂಬೆಯ ಕೈಗಳು ಸಣ್ಣ ಕಂಬಿಗಳಿಂದ ಚಲಿಸುತ್ತವೆ. ಧ್ವನಿಯೂ ಸಾಮಾನ್ಯವಾಗಿ ಅವನದೇ. ಕೈ, ಕಂಠ, ಹೃದಯಗಳು ಒಬ್ಬನವೇ ಆಗಿರುವುದರಿಂದ ಬೊಂಬೆಗೂ ಆಡಿಸುವವನಿಗೂ ನಡುವೆ ಅಂತರವೇ ತೋರದು.

ಅಮೆರಿಕದ ದೂರದರ್ಶನ ಸಂಸ್ಥೆಗಳು ಕೈಹಿಡಿಯದುದರಿಂದ ‘ದಿ ಮಪೆಟ್ ಷೋ’ ಇಂಗ್ಲೆಂಡಿನ ಎಲ್‌ಸ್ಟ್ರೀಯಲ್ಲಿ ತಯಾರಾಯಿತು. 1976ರಿಂದ 1981ರವರೆಗೆ ಐದು ಮಾಲೆಗಳಲ್ಲಿ ಅದರ 120 ಭಾಗಗಳು ಪ್ರಸಾರವಾದವು. ಅಂದು ಅದನ್ನು ನೋಡಿ ನಕ್ಕ ಮಕ್ಕಳು 2011ರ ವೇಳೆಗೆ ತಾವೇ ತಾಯಿತಂದೆಗಳಾಗಿದ್ದರು. ಚಿತ್ರವು ಬರುವುದೆಂಬ ಸುದ್ದಿಗೆ ಇಂಥ ಮನೆಗಳಲ್ಲಿ ಮಕ್ಕಳಿಗಿಂತ ಹಿರಿಯರೇ ಹೆಚ್ಚು ಸಂಭ್ರಮಪಟ್ಟುದು ಸಹಜವಾಗಿಯೇ ಇದೆ. ಮಕ್ಕಳಿಗೆ ಅದು ಮೊದಲ ಭೇಟಿ; ಹಿರಿಯರಿಗೆ ಪರೀಕ್ಷೆ.

ನಿರ್ದೇಶಕ ಜೇಮ್ಸ್ ಬಾಬಿನ್ ಮತ್ತು ಲೇಖಕರಾದ ಜೇಸನ್ ಸೀಗಲ್, ನಿಕೊಲಸ್ ಸ್ಟೋಲರ್ ಇವರು ಈ ಸಂಭ್ರಮವನ್ನೇ ಕಥಾವಸ್ತುವನ್ನಾಗಿ ಮಾಡಿಕೊಂಡರು. ಕಥಾನಾಯಕ ವಾಲ್ಟರನು ಮನುಷ್ಯರ ಮನೆಯಲ್ಲಿ ಬೆಳೆದ ಬೊಂಬೆ. ಹಳೆಯ ಆಟವನ್ನು ನೋಡಿ ನೋಡಿ ಅದಕ್ಕೆ ಮನಸೋತವನು. ಅಣ್ಣನೊಡನೆ ಲಾಸ್ ಏಂಜಲೀಸಿಗೆ ಹೋದಾಗ ಅವನು ಕಂಡುದು ಪಾಳುಬಿದ್ದ ನಾಟಕಶಾಲೆ. ಅದನ್ನು ಕೆಡವಿ ಎಣ್ಣೆ ತೆಗೆಯಲು ಒಬ್ಬ ಧನಿಕನು ಹೊಂಚುಹಾಕಿದ್ದಾನೆ. ಚದರಿಹೋದ ಬಳಗವು ಮತ್ತೆ ಕೂಡಿ, ಒಂದು ಆಟವಾಡಿ, ಒಂದು ಕೋಟಿ ಡಾಲರು ಗಳಿಸಬೇಕು.

ದೊಡ್ಡ ಮನೆಯಲ್ಲಿ ಒಂಟಿಯಾಗಿರುವ ಕರ್ಮಿಟನು ಹಳೆಯ ಗೆಳೆಯರ ಚಿತ್ರಪಟಗಳ ನಡುವೆ ನಡೆಯುತ್ತ ಹಾಡುವ ಸಂದರ್ಭವು ಚಿತ್ರದ ಅತ್ಯುತ್ತಮ ಭಾಗ. ಪಟಗಳು ಜೀವತಳೆದು ದನಿಗೂಡಿಸುತ್ತವೆ. ಇಲ್ಲಿ ವಿನೋದವಿಲ್ಲ, ಬಳಗವನ್ನು ಚದರಲು ಬಿಟ್ಟ ಯಜಮಾನನ ಪಶ್ಚಾತ್ತಾಪವಿದೆ. ಕೊನೆಗೆ ಹಣವು ಕೂಡದೆ ಬಳಗವು ಸೋತು ಹೊರಬಂದಾಗ ಬೀದಿಯ ತುಂಬ ಅಭಿಮಾನಿಗಳು ನಿಂತಿರುತ್ತಾರೆ. ಗೆಲುವಿಗಿಂತ ಈ ಸೋಲೇ ಹೆಚ್ಚು ತೃಪ್ತಿಕರವಾಗಿದೆ.

ದೋಷಗಳಿಲ್ಲವೆಂದಲ್ಲ. ಅಣ್ಣನ ಪ್ರಣಯಕಥೆಯು ಬೊಂಬೆಗಳಿಗೆ ಸಲ್ಲಬೇಕಾದ ಸ್ಥಳವನ್ನು ಆಕ್ರಮಿಸಿದೆ. ಧನಿಕನು ನೆರಳಿನಂತೆ ತೆಳುವಾದ ಪಾತ್ರ. ಮಿಸ್ ಪಿಗ್ಗಿಗೆ ಹಿಂದೆ ಜೀವಕೊಟ್ಟಿದ್ದ ಫ್ರಾಂಕ್ ಆಜ್ ಇದರಲ್ಲಿ ಭಾಗವಹಿಸಲಿಲ್ಲ. ಆ ಕೊರತೆಯನ್ನು ಹಳಬರು ಗುರುತಿಸದೆ ಇರರು.

ಆದರೆ ಇದಕ್ಕಿಂತ ಗಹನವಾದ ಪ್ರಶ್ನೆಯೊಂದಿದೆ. ಹೆನ್ಸನ್ 1990ರಲ್ಲಿ ತೀರಿಕೊಂಡ ಮೇಲೆ ಕಪ್ಪೆಯೊಳಗಿನ ಕೈ ಸ್ಟೀವ್ ವಿಟ್ಮೈರನದಾಯಿತು. 2017ರಿಂದ ಮ್ಯಾಟ್ ವೋಗಲನದಾಗಿದೆ. ಬೊಂಬೆಗಳ ಒಡೆತನವು 2004ರಲ್ಲಿಯೇ ಡಿಸ್ನಿ ಸಂಸ್ಥೆಗೆ ಸೇರಿತ್ತು. ಕೈ ಬದಲಾಯಿತು, ಒಡೆಯನು ಬದಲಾದನು. ಕಪ್ಪೆಯು ಅದೇ ಕಪ್ಪೆಯೇ? ಕೇವಲ ಅನುಕರಣೆಯಾದರೆ ಅದು ಶವಕ್ಕೆ ಮಾಡಿದ ಅಲಂಕಾರ. ಹಳೆಯದನ್ನೆಲ್ಲ ತೊರೆದರೆ ಹೆಸರಿನ ಮಾರಾಟ. ಚಿತ್ರವು ಇದಕ್ಕೆ ಕೊಡುವ ಉತ್ತರ ವಾಲ್ಟರನೇ. ಪೀಟರ್ ಲಿಂಜ್ ಆಡಿಸಿದ ಈ ಬೊಂಬೆಯು ಹಳೆಯ ಬಳಗದ್ದಲ್ಲ. ತಾನು ಮನುಷ್ಯನೋ ಬೊಂಬೆಯೋ ಎಂದು ಅವನು ಕೇಳಿಕೊಳ್ಳುವ ಹಾಡಿಗಾಗಿ ಬ್ರೆಟ್ ಮೆಕೆಂಜಿಗೆ 2012ರಲ್ಲಿ ಆಸ್ಕರ್ ಪಾರಿತೋಷಕವು ದೊರೆಯಿತು. ಇಷ್ಟುದಿನ ನೋಟಕನಾಗಿದ್ದ ವಾಲ್ಟರನು ಅಂತ್ಯದಲ್ಲಿ ರಂಗವನ್ನೇರಿ, ತನಗಿದ್ದ ಒಂದೇ ವಿದ್ಯೆಯಾದ ಸಿಳ್ಳಿನಿಂದ ಸಭೆಯನ್ನು ಗೆಲ್ಲುತ್ತಾನೆ. ಹಳೆಯ ಬಳಗದಲ್ಲಿ ಹೊಸಬನೊಬ್ಬನಿಗೆ ಸ್ಥಳವು ದೊರೆತುದರಿಂದಲೇ ಇದು ಪುನರುಜ್ಜೀವನವೆನಿಸುತ್ತದೆ.

ಮಕ್ಕಳೊಡನೆ ಇದನ್ನು ನೋಡುವ ಹಿರಿಯರಲ್ಲಿ ನಮ್ಮ ವಿಜ್ಞಾಪನೆಯೂ ಇಷ್ಟೇ. ನಮ್ಮ ಕಾಲದಲ್ಲಿ ಹೀಗಿತ್ತು, ಹಾಗಿತ್ತು ಎಂದು ಪಕ್ಕದಲ್ಲಿ ಕುಳಿತು ವ್ಯಾಖ್ಯಾನ ಮಾಡದಿರಲಿ. ಮಗುವು ತನಗೆ ತೋಚಿದೆಡೆಯಲ್ಲಿ ನಗಲಿ. ನಾವು ನಕ್ಕ ಸ್ಥಳದಲ್ಲಿ ಅದು ನಗದಿದ್ದರೂ ಚಿಂತೆಯಿಲ್ಲ. ಆ ಬೊಂಬೆಗಳನ್ನು ಇನ್ನು ಮುಂದೆ ನೆನಪಿನಲ್ಲಿ ಇಟ್ಟುಕೊಳ್ಳಬೇಕಾದುದು ಆ ಮಗುವೇ ಅಲ್ಲವೆ?