ಪಾದ್ರಿಯ ಪತ್ರದಲ್ಲಿ ಇನ್ನೊಬ್ಬ ಅಪ್ಪ

ಗಂಡನಾದವನು ಹೆಂಡತಿಯನ್ನು ಕ್ರಿಸ್ತನು ಸಭೆಯನ್ನು ಪ್ರೀತಿಸಿದ ಹಾಗೆ ಪ್ರೀತಿಸಬೇಕು, ತಂದೆಯಾದವನು ಮಕ್ಕಳನ್ನು ಕೆಣಕಿ ಸಿಟ್ಟೆಬ್ಬಿಸಬಾರದು ಎನ್ನುತ್ತದೆ ಎಫೆಸದವರಿಗೆ ಬರೆದ ಪತ್ರಿಕೆ. ಮದುವೆಗಳಲ್ಲಿ, ಭಾನುವಾರದ ಪ್ರಸಂಗಗಳಲ್ಲಿ ಕೇಳಿ ಕೇಳಿ ಸವೆದ ಮಾತು. ಇದನ್ನು ನಂಬಿ ಬದುಕಿದ ಗೃಹಸ್ಥ ಹೇಗಿರುತ್ತಾನೆ ಎಂದರೆ ಮರ್ಲಿನ್ ರಾಬಿನ್ಸನ್ ಅವರ 'ಗಿಲಿಯಡ್' (2004) ಕಾದಂಬರಿಯ ಜಾನ್ ಏಮ್ಸ್‌ನತ್ತ ಬೆರಳು ತೋರಿಸುವುದು ಸುಲಭ. ನನಗೆ ಅಲ್ಲೊಂದು ತಕರಾರಿದೆ.

1956ರ ಅಯೋವಾ. 76 ವರ್ಷದ ಪಾದ್ರಿ ಏಮ್ಸ್‌ನ ಹೃದಯ ಸೋಲುತ್ತಿದೆ. ಇನ್ನೂ ಏಳು ತುಂಬದ ಮಗ ದೊಡ್ಡವನಾದ ಮೇಲೆ ಓದಲಿ ಎಂದು ಬರೆಯುವ ದೀರ್ಘ ಪತ್ರವೇ ಈ ಕಾದಂಬರಿ. ಬಿಟ್ಟುಹೋಗಲು ಹಣವಿಲ್ಲ, ಅಟ್ಟದ ತುಂಬ ಪ್ರಸಂಗಗಳಿವೆ, 45 ವರ್ಷಕ್ಕೆ 67,500 ಪುಟ ಎಂದು ಅವನೇ ಲೆಕ್ಕ ಹಾಕುತ್ತಾನೆ. (ಹೆಂಡತಿ ಪತ್ರದುದ್ದಕ್ಕೂ ಹೆಚ್ಚಾಗಿ 'ನಿನ್ನ ಅಮ್ಮ' ಅಷ್ಟೇ. ಅವಳ ಕತೆಗೆ ಓದುಗರು 2014ರ 'ಲೈಲಾ' ಬರುವವರೆಗೆ ಕಾಯಬೇಕಾಯಿತು.)

ಏಮ್ಸ್‌ನ ಅಜ್ಜನೂ ಪಾದ್ರಿ, ಗುಲಾಮಗಿರಿಯ ಕಡು ವಿರೋಧಿ. ಮನೆಯಲ್ಲಿದ್ದುದನ್ನೆಲ್ಲ ಎತ್ತಿ ಕೊಟ್ಟುಬಿಡುವವನು. ಸೊಸೆ ದುಡ್ಡನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಕಾಪಾಡಿಕೊಳ್ಳಬೇಕು. ಹರಿಶ್ಚಂದ್ರನ ಕತೆ ಕೇಳಿ ಬೆಳೆದ ನಮಗೆ ಈ ಬಗೆಯ ಯಜಮಾನ ಹೊಸಬನಲ್ಲ. ಮೊಮ್ಮಗ ಹಾಗಲ್ಲ. ಮಗ ನೀರಿನಲ್ಲಿ ಆಡುವುದನ್ನು ನೋಡುತ್ತ ಕೂತರೆ ಅವನಿಗೆ ಅದೇ ಧ್ಯಾನ. ಆ ಪುಟಗಳ ಸೊಬಗಿಗೆ ನಾನೂ ಮಾರುಹೋಗಿದ್ದೇನೆ. ಆದರೆ ಆ ಸೊಬಗಿನ ನಡುವೆ ಒಂದು ಸಾಲು ಮೆಲ್ಲಗೆ ದಾಟಿಹೋಗುತ್ತದೆ: ಊರಿನಲ್ಲಿದ್ದ ಕರಿಯರ ಚರ್ಚಿಗೆ ಯಾರೋ ಬೆಂಕಿ ಇಟ್ಟಿದ್ದರು, ಅದು ಸಣ್ಣ ಬೆಂಕಿ, ಆ ಕುಟುಂಬಗಳು ಊರು ಬಿಟ್ಟವು. ಅಜ್ಜನಾಗಿದ್ದರೆ ಅದನ್ನು ಸಣ್ಣದೆನ್ನುತ್ತಿದ್ದನೇ?

ಈ ಪ್ರಶ್ನೆ ಜ್ಯಾಕ್‌ನ ರೂಪದಲ್ಲಿ ಮನೆ ಬಾಗಿಲಿಗೇ ಬರುತ್ತದೆ. ಜ್ಯಾಕ್ ಗೆಳೆಯ ಬೌಟನ್‌ನ ಮಗ. ಏಮ್ಸ್‌ನ ಹೆಸರನ್ನೇ ಹೊತ್ತವನು. ಹೆಂಡತಿ ಮಗು ಇಬ್ಬರನ್ನೂ ಕಳೆದುಕೊಂಡಿದ್ದ ಏಮ್ಸ್, ಆ ಶಿಶುವಿಗೆ ದೀಕ್ಷಾಸ್ನಾನ ಮಾಡಿಸುವಾಗ 'ಇದು ನನ್ನ ಮಗುವಲ್ಲ' ಎಂದು ಒಳಗೇ ಹೆಪ್ಪುಗಟ್ಟಿದ್ದ. ಬೆಳೆದ ಜ್ಯಾಕ್ ಬಡ ಹುಡುಗಿಯೊಬ್ಬಳಿಗೆ ಮಗು ಕೊಟ್ಟು ಕೈಬಿಟ್ಟ. ಆ ಮಗು ಸತ್ತಿತು. ಈಗ ಏಮ್ಸ್ ಹಾಗರಳು ಮತ್ತು ಇಷ್ಮಾಯೇಲನ ಕತೆಯ ಮೇಲೆ ಪ್ರಸಂಗ ಮಾಡುತ್ತಾನೆ. ಮಕ್ಕಳನ್ನು ನೋಯಿಸುವ ತಂದೆಯರ ಮಾತು ಬರುತ್ತದೆ. ಜ್ಯಾಕ್ ಕೂತಿರುವುದು ಏಮ್ಸ್‌ನ ಹೆಂಡತಿ ಮಗನ ಪಕ್ಕದಲ್ಲಿ. ಒಳ್ಳೆಯ ತಂದೆಯ ಬೋಧನೆ ಅವನ ಮುಖವನ್ನು ಬಿಳಿಚಿಸುತ್ತದೆ. ತಾನು ಸತ್ತ ಮೇಲೆ ಇವನು ತನ್ನ ಜಾಗದಲ್ಲಿ ಬಂದು ಕೂತುಬಿಟ್ಟಾನೆಂಬ ಮತ್ಸರವೂ ಏಮ್ಸ್‌ಗಿದೆ; ಎಫೆಸದ ಪತ್ರಿಕೆ ಕೇಳುವುದು ಇದಕ್ಕೆ ತೀರ ಉಲ್ಟಾ, ತನ್ನನ್ನೇ ಬಿಟ್ಟುಕೊಡುವ ಪ್ರೀತಿಯನ್ನು.

ಕೊನೆಗೆ ಜ್ಯಾಕ್ ಒಂದು ಫೋಟೋ ತೋರಿಸುತ್ತಾನೆ. ಡೆಲ್ಲಾ, ಕರಿಯ ಹೆಣ್ಣು. ಜೊತೆಗೆ ಅವರ ಹುಡುಗ. ಮಿಸೌರಿಯ ಕಾನೂನು ಇಂಥ ಮದುವೆಯನ್ನು ಒಪ್ಪುವುದಿಲ್ಲ. ಕಾದಂಬರಿಯಲ್ಲಿ ಗಂಡನೂ ತಂದೆಯೂ ಆಗಲು ನಿಜವಾಗಿ ಹೆಣಗುತ್ತಿರುವವನು ಇವನೇ. ಈ ಊರಿನಲ್ಲಿ ನಾವು ಬಾಳಬಹುದೇ ಎಂಬ ಅವನ ಪ್ರಶ್ನೆಗೆ ಏಮ್ಸ್ ಭರವಸೆಯ ಉತ್ತರ ಕೊಡಲಾರ. ಮಗನ ಬಗ್ಗೆ ಇಷ್ಟೊಂದು ಬರೆಯಬಲ್ಲವನು ಈ ಇನ್ನೊಬ್ಬ ಹುಡುಗನಿಗಾಗಿ ಊರನ್ನು ಎದುರುಹಾಕಿಕೊಳ್ಳುವುದಿಲ್ಲ. ಏಮ್ಸ್‌ನನ್ನು ಮಾದರಿ ತಂದೆ ಎನ್ನುವ ಓದು ಈ ಪುಟಗಳನ್ನು ಬೇಗ ಬೇಗ ತಿರುವಿಹಾಕುತ್ತದೆ. ರಾಬಿನ್ಸನ್ ಹಾಗೆ ತಿರುವಿಹಾಕಿಲ್ಲ ಎಂಬುದೇ ನನಗೆ ಅವರ ಮೇಲಿನ ಗೌರವಕ್ಕೆ ಕಾರಣ.

ಊರು ಬಿಡುವ ಜ್ಯಾಕ್‌ನ ತಲೆಯ ಮೇಲೆ ಕೈಯಿಟ್ಟು ಏಮ್ಸ್ ಆಶೀರ್ವದಿಸುತ್ತಾನೆ. ಅದರಲ್ಲಿ ಅವನನ್ನು ಗಂಡನೆಂದೂ ತಂದೆಯೆಂದೂ ಕರೆಯುತ್ತಾನೆ, ಕಾನೂನು ಕೊಡದ ಹೆಸರುಗಳಿಂದ. ಇದೇ ದಿನಗಳನ್ನು ಬೌಟನ್ ಮನೆಯೊಳಗಿಂದ ಹೇಳುವ 'ಹೋಮ್' (2008) ಕಾದಂಬರಿಯ ಕೊನೆಯಲ್ಲಿ ಡೆಲ್ಲಾ ಮಗನನ್ನು ಕರೆದುಕೊಂಡು ಆ ಮನೆಗೆ ಬರುತ್ತಾಳೆ. ಜ್ಯಾಕ್ ಅಷ್ಟರಲ್ಲಿ ಹೊರಟುಹೋಗಿರುತ್ತಾನೆ.