ಗೋಡೆಯಾಚೆಗೆ ಬರೆದ ಓಲೆಗಳು

ಇ-ಮೇಲ್ ಬಂದು ಪ್ರೇಮಪತ್ರದ ಕಲೆ ಹಾಳಾಯಿತು ಎಂದು ಕೊರಗುವವರು, ಕವಿ ಜಾನ್ ಕೀಟ್ಸ್ ತನ್ನ ಪ್ರೇಯಸಿ ಫ್ಯಾನಿ ಬ್ರಾನ್‌ಗೆ ಬರೆದ ಓಲೆಗಳನ್ನು ಒಮ್ಮೆ ಓದಬೇಕು. 1819ರ ಬೇಸಿಗೆಯ ಪತ್ರಗಳಿಗೇ ಹೆಸರು ಜಾಸ್ತಿ. ಅವುಗಳಲ್ಲಿ ಕವಿ ತನ್ನ ಮಾತಿನ ಸೊಗಸಿಗೆ ತಾನೇ ಮರುಳಾಗಿದ್ದಾನೆ ಎಂದು ನನ್ನ ಗುಮಾನಿ.

ನನಗೆ ದೊಡ್ಡವೆನಿಸುವುದು 1820ರ ಫೆಬ್ರವರಿಯ ಪುಟ್ಟ ಚೀಟಿಗಳು. ಕೆಮ್ಮಿನಲ್ಲಿ ರಕ್ತ ಕಂಡಿತ್ತು. ಹ್ಯಾಂಪ್‌ಸ್ಟೆಡ್‌ನ ಅದೇ ಕಟ್ಟಡದ ಇನ್ನರ್ಧದಲ್ಲಿ ಫ್ಯಾನಿಯ ಮನೆ. ನಡುವೆ ಒಂದು ಗೋಡೆ. ಅಷ್ಟು ಹತ್ತಿರಕ್ಕೂ ಕಾಗದವೇ ಬೇಕಾಯಿತು! ದಿಂಬಿನಡಿ ಇಟ್ಟುಕೊಳ್ಳಲು ಶುಭರಾತ್ರಿಯ ಎರಡಕ್ಷರ ಬರೆದು ಕಳಿಸೆಂದು ಬೇಡುತ್ತಾನೆ. ಇಲ್ಲಿ ಅಲಂಕಾರಕ್ಕೆ ಉಸಿರೇ ಉಳಿದಿಲ್ಲ. ಮುಂದಿನ ತಿಂಗಳುಗಳಲ್ಲಿ ಸಂಶಯ, ಹೊಟ್ಟೆಕಿಚ್ಚು, ಚುಚ್ಚುಮಾತು ಎಲ್ಲ ಬರುತ್ತವೆ. ಮನಸ್ಸು ಬಿಚ್ಚಿ ಬರೆದರೆ ಅದೂ ಬರುತ್ತದಲ್ಲ!

1878ರಲ್ಲಿ ಇವು ಅಚ್ಚಾದಾಗ ಮ್ಯಾಥ್ಯೂ ಆರ್ನಾಲ್ಡ್‌ಗೆ ಮುಜುಗರವಾಯಿತು. ಶಸ್ತ್ರವೈದ್ಯನ ಕೈಕೆಳಗಿನ ಹುಡುಗ ಬರೆಯುವ ಪತ್ರ ಇದು ಎಂದು ಮೂಗು ಮುರಿದ. (ಕೀಟ್ಸ್ ಆ ಕೆಲಸ ಕಲಿತವನೇ ತಾನೆ!) ಸಂಯಮವಿಲ್ಲ ಎಂಬುದು ಅವನ ದೂರು, ನನಗೆ ಈ ಚೀಟಿಗಳ ಸತ್ವವೇ ಅದು.

ಫ್ಯಾನಿ ಅವನಿಗೆ ಬರೆದ ಉತ್ತರಗಳು ನಮಗೆ ಸಿಕ್ಕಿಲ್ಲ. ರೋಮ್‌ಗೆ ಬಂದ ಅವಳ ಕೊನೆಯ ಪತ್ರಗಳನ್ನು ಒಡೆದು ಓದುವ ಧೈರ್ಯ ಕೀಟ್ಸ್‌ಗೆ ಆಗಲಿಲ್ಲ. 1821ರಲ್ಲಿ ಅವನ್ನು ಹಾಗೆಯೇ ಅವನೊಂದಿಗೆ ಮಣ್ಣು ಮಾಡಿದರು.